ಕಾಂಪ್ಲೆಕ್ಸ್ ಕಟ್ಟುವವರಿಗೆ ನಕ್ಷೆ ಪರಿಶೀಲನೆಯ ಪೂರ್ತಿ ದಾರಿ: ರಸ್ತೆಯಿಂದ ಒಳಕ್ಕೆ

ಅಂಗಡಿ ಕಾಂಪ್ಲೆಕ್ಸ್ ಕಟ್ಟಿಸಬೇಕೆಂದು ಬರುವವರು ನನ್ನ ಮೇಜಿನ ಮೇಲೆ ಮೊದಲು ಇಡುವುದು ಮೊಬೈಲು. ಅದರಲ್ಲೊಂದು ಫೋಟೊ ಇರುತ್ತದೆ. ನೀಲಿ ಗಾಜಿನ ಮುಖ, ಎರಡೂ ಬದಿಗೆ ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟು, ನೆತ್ತಿಯ ಮೇಲೆ ಹೊಳೆಯುವ ಬೋರ್ಡು. "ಹಿಂಗ ಆಗಬೇಕ್ರಿ ಅಕ್ಕಾರ" ಎನ್ನುತ್ತಾರೆ. ಪಾಲಿಕೆಯ ನಗರ ಯೋಜನೆ ಶಾಖೆಯಲ್ಲಿ ನಕ್ಷೆ ಪರಿಶೀಲಿಸುವವರು ಆ ಮುಖವನ್ನು ನೋಡುವುದು ಕಟ್ಟಕಡೆಗೆ. ಅವರ ಮೊದಲ ಪ್ರಶ್ನೆಯೇ ಬೇರೆ: ಜಾಗದ ಮುಂದಿನ ರಸ್ತೆ ಎಷ್ಟು ಮೀಟರ್ ಇದೆ?

ಅಲ್ಲಿಂದ ಅವರ ಕಣ್ಣು ಒಳಕ್ಕೆ ಬರುತ್ತದೆ. ರಸ್ತೆ, ಜಾಗದ ಗಡಿ, ಸುತ್ತ ಬಿಟ್ಟ ತೆರವು, ಪಾರ್ಕಿಂಗ್, ಮೆಟ್ಟಿಲು, ಆಮೇಲೆ ಅಂಗಡಿ. ನೀವೂ ಇದೇ ಕ್ರಮದಲ್ಲಿ ಕಟ್ಟಡವನ್ನು ಯೋಚಿಸಿದರೆ ನಕ್ಷೆ ಮೇಲಿಂದ ಮೇಲೆ ವಾಪಸ್ ಬರುವುದಿಲ್ಲ. ಗಾಜಿನ ಮುಖದಿಂದ ಹಿಂದಕ್ಕೆ ಯೋಚಿಸಿದರೆ ಪ್ರತಿ ಸಲವೂ ಏನೋ ಒಂದು ಕಡಿಮೆ ಬೀಳುತ್ತದೆ. ಇಷ್ಟು ವರ್ಷ ಹುಬ್ಬಳ್ಳಿ-ಧಾರವಾಡದ ಸುತ್ತ ನಕ್ಷೆ ಬರೆದು, ಕೌಂಟರಿನ ಮುಂದೆ ನಿಂತು ಕಲಿತದ್ದನ್ನೆಲ್ಲ ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣವೊಂದು ಕುಸಿಯಿತು. 19 ಜನ ತೀರಿಕೊಂಡರು. ಮೇಲೆ ಕೆಲಸ ನಡೆದಿರುವಾಗಲೇ ಕೆಳಗೆ ಅಂಗಡಿಗಳು ಶುರುವಾಗಿದ್ದವು. ಆ ದಿನದ ನಂತರ "ನಕ್ಷೆ ಅಂದ್ರ ಬರೇ ಕಾಗದ ಬಿಡ್ರಿ" ಎಂದು ಯಾರಾದರೂ ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಮೊದಲ ಹೆಜ್ಜೆ: ಉತಾರ ತನ್ನಿ, ಟೇಪನ್ನೂ ತನ್ನಿ

ನಮ್ಮ ಕಡೆ ಸಿಟಿ ಸರ್ವೆ ಆಗಿರುವ ಜಾಗಕ್ಕೆ ಸಿಟಿಎಸ್ ಉತಾರ (ಸಿಟಿ ಸರ್ವೆ ದಾಖಲೆಯ ಪ್ರತಿ) ಅಥವಾ ಪಿಆರ್ ಕಾರ್ಡ್ (ಆಸ್ತಿ ದಾಖಲೆ) ಬೇಕು. ಅದರ ಜೊತೆಗೆ ಪಾಲಿಕೆ ಅಥವಾ ನಗರಸಭೆಯ ಇ-ಖಾತಾ, ಖರೀದಿ ಪತ್ರ, ಋಣಭಾರ ಪತ್ರ, ಈ ಸಾಲಿನ ತೆರಿಗೆ ರಸೀದಿ. ಹೊಲವಾಗಿದ್ದ ಜಾಗವಾದರೆ ಭೂ ಕಂದಾಯ ಕಾಯ್ದೆ 1964ರ ಕಲಂ 95ರಡಿ ಆದ ಎನ್ಎ (ಕೃಷಿಯೇತರ ಬಳಕೆಯ) ಆದೇಶ. ಆ ಆದೇಶವನ್ನು ಕೊನೆಯ ಸಾಲಿನವರೆಗೂ ಓದಿ. ಯಾವ ಉದ್ದೇಶಕ್ಕೆ ಎನ್ಎ ಆಗಿದೆ ಎಂದು ಅದರಲ್ಲೇ ಬರೆದಿರುತ್ತದೆ. ವಾಸಕ್ಕೆಂದು ಎನ್ಎ ಆದ ಜಾಗದಲ್ಲಿ ಅಂಗಡಿ ಸಾಲು ಕಟ್ಟುತ್ತೇವೆಂದು ಹೋದರೆ ಮೊದಲ ಮೇಜಿನಲ್ಲೇ ಫೈಲು ನಿಲ್ಲುತ್ತದೆ.

ಇನ್ನು ಟೇಪು. ಪತ್ರದಲ್ಲಿ 40 ಬೈ 80 ಅಡಿ ಎಂದಿದ್ದರೆ ನೆಲದ ಮೇಲೂ ಅಷ್ಟೇ ಇರುತ್ತದೆ ಎಂದು ನಂಬಬೇಡಿ. ನಾನು ವೃತ್ತಿ ಶುರುಮಾಡಿದ ಹೊಸದರಲ್ಲಿ ಹೀಗೆಯೇ ನಂಬಿ ಕೆಟ್ಟೆ. ಪತ್ರದ ಅಳತೆ ಹಿಡಿದು ನಕ್ಷೆ ಬರೆದೆ, ಮಂಜೂರಾತಿಯೂ ಬಂತು. ಗೌಂಡಿ ಪಾಯಕ್ಕೆ ಸುಣ್ಣದ ಗೆರೆ ಹಾಕುವಾಗ ನೋಡಿದರೆ ಹಿಂಬದಿಯಲ್ಲಿ ಜಾಗ 7 ಇಂಚು ಕಡಿಮೆ. ಪಕ್ಕದವರ ಹಳೆಯ ಕಂಪೌಂಡು ಯಾವ ಕಾಲದಲ್ಲೋ ಒಳಗೆ ಸರಿದಿತ್ತು. ಒಂದು ಕಡೆ ಬಿಡಬೇಕಾದ ತೆರವು ಅಷ್ಟೇ ಕುಗ್ಗಿತು. ಕಾಲಂಗಳ ಸಾಲನ್ನೇ ಬದಲಿಸಿ ಪರಿಷ್ಕೃತ ನಕ್ಷೆ ಹಾಕಬೇಕಾಯಿತು, ಮಾಲೀಕರಿಗೆ ಒಂದು ಬೇಸಿಗೆಯ ಕೆಲಸ ಕೈತಪ್ಪಿತು. ಅಂದಿನಿಂದ ನಾಲ್ಕು ಬದಿ ಮತ್ತು ಎರಡು ಕರ್ಣ ಅಳೆಯದೆ ನಾನು ಪೆನ್ಸಿಲ್ ಮುಟ್ಟುವುದಿಲ್ಲ. ಗಡಿಯ ಬಗ್ಗೆ ಒಂದಿಷ್ಟು ಅನುಮಾನ ಬಂದರೂ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಲು, ಅರ್ಜಿ ಹಾಕಿ, ಸರ್ವೇಯರ್ ಬಂದು ಕಲ್ಲು ತೋರಿಸಲಿ. ಪತ್ರದ ಅಳತೆ, ನೆಲದ ಅಳತೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿದು ಬರೆಯುವುದು ಕ್ಷೇಮ.

ಎರಡನೆಯ ಹೆಜ್ಜೆ: ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಜಾಗದ ಬಣ್ಣ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಅಡಿಯಲ್ಲಿ ಪ್ರತಿ ಯೋಜನಾ ಪ್ರದೇಶಕ್ಕೂ ಒಂದು ಮಾಸ್ಟರ್ ಪ್ಲಾನ್, ಅದಕ್ಕೊಂದು ವಲಯ ನಿಯಮಾವಳಿ ಇರುತ್ತದೆ. ನಕ್ಷೆಯಲ್ಲಿ ವಾಸದ ವಲಯಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನ ಮತ್ತು ಬಯಲಿಗೆ ಹಸಿರು. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ನಿಮ್ಮ ಸರ್ವೆ ನಂಬರ್ ಕೊಟ್ಟು ಭೂ ಉಪಯೋಗದ ದೃಢೀಕರಣ ಪತ್ರ ತೆಗೆದುಕೊಳ್ಳಿ. ಬಾಯಿಮಾತಿನ ಮೇಲೆ ಮುಂದಕ್ಕೆ ಹೋಗಬೇಡಿ.

ಹಳದಿ ವಲಯದಲ್ಲೂ ರಸ್ತೆ ಸಾಕಷ್ಟು ಅಗಲವಿದ್ದರೆ ಸಣ್ಣ ಅಂಗಡಿ, ಕ್ಲಿನಿಕ್ಕಿನಂಥವಕ್ಕೆ ಮಿತಿಯೊಳಗೆ ಅವಕಾಶ ಇರುತ್ತದೆ. ಪೂರ್ತಿ ವಾಣಿಜ್ಯ ಸಂಕೀರ್ಣ ಬೇಕೆಂದರೆ ಕಲಂ 14-ಎ ಅಡಿ ಭೂ ಉಪಯೋಗ ಬದಲಾವಣೆ ಮಾಡಿಸಬೇಕು. ಅದಕ್ಕೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಈ ಸಮಯವನ್ನು ನಿಮ್ಮ ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಿ. ಪ್ರಕಟಣೆಗೆ ಮುಂಚೆ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಕೂರಿಸಿ ಚಹಾ ಕೊಟ್ಟು ನಕ್ಷೆ ತೋರಿಸಿ. ಅವರ ಆತಂಕ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತದೆ: ಜನರೇಟರ್ ಸದ್ದು ಯಾವ ಕಡೆ, ಕಿಟಕಿ ನಮ್ಮ ಅಂಗಳಕ್ಕೆ ತೆರೆಯುತ್ತದೆಯೇ. ನಕ್ಷೆಯ ಹಂತದಲ್ಲಿ ಇವನ್ನು ಸರಿಪಡಿಸಲು ಒಂದು ರಬ್ಬರು ಸಾಕು.

ರಸ್ತೆಯ ಬಗ್ಗೆ ಎರಡು ಸಂಖ್ಯೆ ಕೇಳಿ: ಈಗಿರುವ ಅಗಲ, ಮಾಸ್ಟರ್ ಪ್ಲಾನಿನಲ್ಲಿ ಉದ್ದೇಶಿಸಿರುವ ಅಗಲ. ಎರಡನೆಯದು ದೊಡ್ಡದಿದ್ದರೆ ಮುಂದಿನ ತೆರವನ್ನು ಅಳೆಯುವುದು ನಾಳೆಯ ರಸ್ತೆಯ ಅಂಚಿನಿಂದ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸ್ಸುಗಳಿಗೇ ಬೇರೆ ಪಥವಿರುವ ಬಿಆರ್‌ಟಿಎಸ್‌ಗಾಗಿ ಪಿ.ಬಿ. ರಸ್ತೆ ಅಗಲವಾದಾಗ ಎಷ್ಟು ಕಟ್ಟಡಗಳ ಮುಂಭಾಗ ಹೋಯಿತೆಂದು ಕಣ್ಣಾರೆ ಕಂಡಿದ್ದೇವೆ.

ಜಾಗದ ಸುತ್ತ ಇನ್ನೂ ಕೆಲವು ಅದೃಶ್ಯ ಗೆರೆಗಳಿರುತ್ತವೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಬೇಕು. ಹುಬ್ಬಳ್ಳಿಯ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಸುತ್ತ, ಬಾದಾಮಿ, ವಿಜಯಪುರ, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಜಾಗ ಕೊಳ್ಳುವ ಮೊದಲೇ ಈ ದೂರ ಅಳೆಸಬೇಕು. ಊರ ಹೊರಗಿನ ರಾಷ್ಟ್ರೀಯ, ರಾಜ್ಯ ಹೆದ್ದಾರಿಗೆ ರಸ್ತೆಯ ನಡುಮಧ್ಯದಿಂದ 40 ಮೀಟರ್ ಕಟ್ಟಡ ರೇಖೆ ಎಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ. ವಿಮಾನ ನಿಲ್ದಾಣದ ಹತ್ತಿರವಾದರೆ ಎತ್ತರಕ್ಕೆ ಅವರ ಬಣ್ಣದ ನಕ್ಷೆ ನೋಡಬೇಕು. ಕೆರೆ, ನಾಲೆ ಹತ್ತಿರವಿದ್ದರೆ ಮೀಸಲು ಪಟ್ಟಿ ಬಿಡಬೇಕು. ಇನ್ನು ತಲೆಯ ಮೇಲಿನ ವಿದ್ಯುತ್ ತಂತಿ: 11 ಕೆವಿ ತಂತಿಯಿಂದ ಕಟ್ಟಡಕ್ಕೆ ಅಡ್ಡ ಅಂತರ ಕನಿಷ್ಠ 1.2 ಮೀಟರ್, 33 ಕೆವಿ ಆದರೆ 2 ಮೀಟರ್, ತಂತಿ ಮೇಲೆಯೇ ಹಾದುಹೋದರೆ ಲಂಬ ಅಂತರ 3.7 ಮೀಟರ್. ಗೋಡೆ ಲೆಕ್ಕದಲ್ಲಿ ಪಾಸಾಗಿ ಆಮೇಲೆ ಎಸಿಪಿ ಶೀಟಿನ ಚೌಕಟ್ಟು, ಬೋರ್ಡಿನ ಕಬ್ಬಿಣ ಮುಂದಕ್ಕೆ ಚಾಚಿ ತಂತಿ ಹತ್ತಿರ ಹೋಗುತ್ತವೆ. ಅಂತರ ಅಳೆಯುವಾಗ ಅವನ್ನೂ ಸೇರಿಸಿಯೇ ಅಳೆಯಿರಿ.

ಮೂರನೆಯ ಹೆಜ್ಜೆ: ಪಾರ್ಕಿಂಗಿನಿಂದ ಕಟ್ಟಡದ ಗಾತ್ರ ಕಂಡುಹಿಡಿಯಿರಿ

ಎಲ್ಲರೂ ಮೊದಲು ಕೇಳುವುದು ಎಫ್ಎಆರ್ ಎಷ್ಟು ಎಂದು. ಜಾಗದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಸಂಖ್ಯೆ ಅದು. ಆದರೆ ಸಾಮಾನ್ಯ ಅಳತೆಯ ಜಾಗಗಳಲ್ಲಿ ಆ ಸಂಖ್ಯೆಯನ್ನು ಮುಟ್ಟುವ ಮುಂಚೆಯೇ ಪಾರ್ಕಿಂಗ್ ನಿಮ್ಮನ್ನು ತಡೆಯುತ್ತದೆ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇಲ್ಲಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ಹಿಡಿದವು, ನಿಮ್ಮ ಊರಿನ ಕೋಷ್ಟಕದಿಂದ ನಿಮ್ಮ ಅಂಕಿ ಹಾಕಿಕೊಳ್ಳಿ.

ಜಾಗ 12 ಮೀಟರ್ ಅಗಲ, 24 ಮೀಟರ್ ಉದ್ದ, ಅಂದರೆ 288 ಚದರ ಮೀಟರ್. ಎಫ್ಎಆರ್ 1.75 ಎಂದರೆ 504 ಚದರ ಮೀಟರ್ ಕಟ್ಟಬಹುದು. ಮಾಲೀಕರು ಈ 504 ಹಿಡಿದುಕೊಂಡೇ ಬಾಡಿಗೆ ಲೆಕ್ಕ ಹಾಕಿರುತ್ತಾರೆ. ಈಗ ಮುಂದೆ 3 ಮೀಟರ್, ಉಳಿದ ಮೂರು ಬದಿಗೆ ಒಂದೂವರೆ ಮೀಟರ್ ಬಿಡಿ. ಕಟ್ಟಡ ಕೂರುವ ಜಾಗ 9 ಬೈ 19.5, ಸುಮಾರು 175 ಚದರ ಮೀಟರ್. ಪ್ರತಿ 50 ಚದರ ಮೀಟರಿಗೆ ಒಂದು ಕಾರು ಎಂಬ ನಿಯಮವಿದ್ದರೆ 504ಕ್ಕೆ 10 ಕಾರು. ಒಂದು ಕಾರು ನಿಲ್ಲುವುದು, ಒಳಗೆ ಬಂದು ತಿರುಗಿ ಹೊರಡುವುದು ಎಲ್ಲ ಸೇರಿ 25 ಚದರ ಮೀಟರಾದರೂ ಬೇಕು. 10 ಕಾರಿಗೆ 250. ಕೆಳಗಿರುವುದು 175, ಅದರಲ್ಲಿ 7 ಕಾರು. 7 ಕಾರಿಗೆ ಒಪ್ಪುವ ಕಟ್ಟಡ 350 ಚದರ ಮೀಟರ್, ಅಂದರೆ ಕೆಳಗೆ ಸ್ಟಿಲ್ಟ್ (ಗೋಡೆಯಿಲ್ಲದೆ ಬರೀ ಕಂಬಗಳ) ಪಾರ್ಕಿಂಗ್, ಮೇಲೆ ಸರಿಯಾಗಿ ಎರಡು ಅಂತಸ್ತು. ಕಾಲಂ, ಮೆಟ್ಟಿಲು, ಲಿಫ್ಟು ಕೆಳಗೆ ಜಾಗ ತಿನ್ನುತ್ತವೆ, ಹಾಗಾಗಿ ಅದಕ್ಕಿಂತಲೂ ತುಸು ಕಡಿಮೆಯೇ.

"ಹಂಗಾದ್ರ ಬೇಸ್‌ಮೆಂಟ್ ಹಾಕೋಣಲ್ರಿ" ಎನ್ನುತ್ತಾರೆ. 3 ಮೀಟರ್ ಆಳದ ಬೇಸ್‌ಮೆಂಟಿಗೆ 1ಕ್ಕೆ 8ರ ಇಳಿಜಾರು ಹಾಕಿದರೆ ರ‍್ಯಾಂಪಿನ ಉದ್ದವೇ 24 ಮೀಟರ್. ನಿಮ್ಮ ಜಾಗದ ಉದ್ದವೂ 24. ಕಾರು ಇಳಿದು ಹಿಂದಿನ ಗೋಡೆಗೆ ಮೂಗು ತಾಗಿಸಿ ನಿಲ್ಲಬೇಕಷ್ಟೆ. ಇಂಥ ಕಡೆ ಇಳಿಜಾರನ್ನು ಕಡಿದಾಗಿಸಿ ಕಾಗದದ ಮೇಲೆ ಪಾಸ್ ಮಾಡಿಸಿದ ಬೇಸ್‌ಮೆಂಟುಗಳು ಊರ ತುಂಬ ಇವೆ. ಯಾವ ಕಾರೂ ಅಲ್ಲಿಗೆ ಇಳಿಯುವುದಿಲ್ಲ, ಕೊನೆಗೆ ಅದು ಗೋದಾಮಾಗುತ್ತದೆ, ಕಾರುಗಳು ರಸ್ತೆಯಲ್ಲಿ ನಿಲ್ಲುತ್ತವೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಸ್ಟಿಲ್ಟ್ ಹಾಕುವವರು ಕಾಲಂಗಳನ್ನು ಕಾರಿನ ಅಳತೆಗೆ ನಿಲ್ಲಿಸಿ, ಮೇಲಿನ ಅಂಗಡಿಯ ಅಳತೆಗೆ ಬೇಡ. ನೆಲದ ಮೇಲೆ ಸುಣ್ಣದಲ್ಲಿ ಕಾರಿನ ಚೌಕ ಬರೆದು ನಿಮ್ಮದೇ ಕಾರನ್ನು ಒಳಗೆ ತಂದು ತಿರುಗಿಸಿ ನೋಡಿ. ಅರ್ಧ ಗಂಟೆಯ ಕೆಲಸ. ಬೈಕುಗಳಿಗೂ ಜಾಗ ಬರೆಯಿರಿ. ನಮ್ಮ ಊರುಗಳಲ್ಲಿ ಗಿರಾಕಿ ಬರುವುದು ಹೆಚ್ಚಾಗಿ ಬೈಕಿನ ಮೇಲೆ.

ನಾಲ್ಕನೆಯ ಹೆಜ್ಜೆ: ಹೊಸ್ತಿಲು

ನನ್ನ ಮಟ್ಟಿಗೆ ಇಡೀ ವಿನ್ಯಾಸದಲ್ಲಿ ಅತಿ ಮುಖ್ಯವಾದದ್ದು ರಸ್ತೆಯ ಅಂಚಿನಿಂದ ಅಂಗಡಿಯ ಶಟರಿನವರೆಗಿನ ನಾಲ್ಕೈದು ಮೀಟರ್. ಊರಿನವರೆಲ್ಲ ನಿಮ್ಮ ಕಟ್ಟಡವನ್ನು ಮುಟ್ಟುವುದು ಅಲ್ಲಿ ಮಾತ್ರ.

ಕಿರಾಣಿ ವ್ಯಾಪಾರದ ಹಿರಿಯರೊಬ್ಬರು ಮೂರು ಅಂಗಡಿಯ ಕಾಂಪ್ಲೆಕ್ಸಿಗೆಂದು ಬಂದಿದ್ದರು. ನಕ್ಷೆ ನೋಡಿ ಬೆರಳಿಟ್ಟರು. "ಅಕ್ಕಾರ, ಮುಂದ ಇಷ್ಟ ಜಾಗಾ ಬಿಟ್ರ ನನ್ನ ಒಂದ ಅಂಗಡಿನ ಹೋಗ್ತೈತ್ರಿ. ಖಾಲಿ ಬಿಟ್ಟ ಏನ ಮಾಡೂದ್ರಿ?"

"ಕಾಕಾರ, ನಿಮ್ಮ ಹಳೇ ಅಂಗಡಿಗೆ ಮಂದಿ ಬಂದ ಎಲ್ಲಿ ನಿಂದರತಾರ್ರಿ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಟಾರದ ಫರ್ಸಿ ಮ್ಯಾಲ."

ಆಮೇಲೆ ಆ ಜಾಗವನ್ನು ಹೇಗೆ ಬಳಸುವುದೆಂದು ಇಬ್ಬರೂ ಕೂತು ಬರೆದೆವು. ಮೊದಲು ಅವರು ಕೇಳಿದ್ದು ರಸ್ತೆಯಿಂದ 60 ಸೆಂಟಿಮೀಟರ್ ಎತ್ತರದ ನೆಲ, ನಾಲ್ಕು ಮೆಟ್ಟಿಲು. ಗಾಲಿಕುರ್ಚಿಯ ರ‍್ಯಾಂಪಿಗೆ 1ಕ್ಕೆ 12ರ ಇಳಿಜಾರು ಬೇಕು, ಹಾಗಾದರೆ 60 ಸೆಂಟಿಮೀಟರಿಗೆ 7.2 ಮೀಟರ್ ಉದ್ದ. ಎಲ್ಲಿಡುವುದು? ನೆಲವನ್ನು 15 ಸೆಂಟಿಮೀಟರಿಗೆ ಇಳಿಸಿದೆವು, ರ‍್ಯಾಂಪು 1.8 ಮೀಟರಿಗೆ ಮುಗಿಯಿತು. ಮಳೆನೀರು ಒಳಗೆ ಬಾರದಂತೆ ಶಟರಿನ ಮುಂದೆ ಅಡ್ಡಲಾಗಿ ಜಾಲರಿ ಮುಚ್ಚಿದ ಕಾಲುವೆ ತೆಗೆಸಿ ಅದನ್ನು ಬದಿಯ ಮಳೆನೀರು ಗುಂಡಿಗೆ ಜೋಡಿಸಿದೆವು. ಇವತ್ತು ಆ ಕಾಂಪ್ಲೆಕ್ಸಿನ ಮುಂದೆ ಮುದುಕಿಯರು ಚೀಲ ಕೆಳಗಿಟ್ಟು ಕೈಗಂಬಿ ಹಿಡಿದು ದಣಿವಾರಿಸಿಕೊಳ್ಳುವುದನ್ನು ನೋಡುತ್ತೇನೆ.

ಈ ರ‍್ಯಾಂಪು ಔದಾರ್ಯದ ವಿಷಯವಲ್ಲ, ಕಾನೂನಿನದು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 44ರ ಪ್ರಕಾರ, ಎಲ್ಲರೂ ಬಳಸುವಂತೆ ಇಲ್ಲದ ನಕ್ಷೆಗೆ ಪರವಾನಗಿಯನ್ನೂ ಕೊಡುವಂತಿಲ್ಲ, ಕಟ್ಟಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. ಹಾಗಾಗಿ ರ‍್ಯಾಂಪು, ಲಿಫ್ಟು, ಗಾಲಿಕುರ್ಚಿ ತಿರುಗುವಷ್ಟು ಜಾಗವಿರುವ ಒಂದು ಶೌಚಾಲಯ ಇವು ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣಲಿ. ರ‍್ಯಾಂಪು ನಿಮ್ಮ ಗಡಿಯೊಳಗೇ ಮುಗಿಯಬೇಕು, ಫುಟ್‌ಪಾತಿಗೆ ಒಂದು ಅಂಗುಲವೂ ಚಾಚಬಾರದು.

ಇನ್ನು ಜನ ನಕ್ಷೆಯಲ್ಲಿ ಮರೆತು ಆಮೇಲೆ ತೆರವಿನಲ್ಲಿ ತುರುಕುವ ವಸ್ತುಗಳು: ಟ್ರಾನ್ಸ್‌ಫಾರ್ಮರ್, ಜನರೇಟರ್, ಎಸಿಯ ಹೊರಗಿನ ಡಬ್ಬಿಗಳು, ಕಸದ ಡ್ರಮ್ಮು. ಪ್ರತಿಯೊಂದಕ್ಕೂ ಮೊದಲೇ ಜಾಗ ಬರೆಯಿರಿ. ಬೋರ್ಡುಗಳಿಗೂ ಮೂರು ಅಡಿಯ ಒಂದೇ ಪಟ್ಟಿಯನ್ನು ಎಲಿವೇಶನ್ನಿನಲ್ಲಿ (ಕಟ್ಟಡದ ಮುಖದ ನಕ್ಷೆಯಲ್ಲಿ) ಬಿಡಿ, ಬಾಡಿಗೆ ಕರಾರಿನಲ್ಲೂ ಅದನ್ನೇ ಬರೆಸಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ನೀವು ಆಸೆಪಟ್ಟ ಆ ಗಾಜಿನ ಮುಖ ಫ್ಲೆಕ್ಸಿನ ಹಿಂದೆ ಹೋಗುತ್ತದೆ. ನಮ್ಮ ಬಹುಪಾಲು ಊರುಗಳಲ್ಲಿ ಕಟ್ಟಡದ ಅಂದ ಪರಿಶೀಲಿಸುವ ಸಮಿತಿಯೇನೂ ಕೂರುವುದಿಲ್ಲ. ಆ ಕಾರಣಕ್ಕೇ ಮಾಲೀಕರು ಸ್ವತಃ ಎದುರು ಬದಿಯ ಫುಟ್‌ಪಾತಿನಲ್ಲಿ ನಿಂತು, ಅಕ್ಕಪಕ್ಕದ ಹೆಂಚಿನ ಮನೆ, ಮರ, ಗುಡಿಗಳ ನಡುವೆ ತಮ್ಮ ಕಟ್ಟಡ ಹೇಗೆ ಕೂರುತ್ತದೆಂದು ಒಮ್ಮೆ ನೋಡಬೇಕು. ಜಾಗದ ಮುಂದೆ ಮರ ಇದ್ದರೆ ಗೇಟನ್ನು ಸರಿಸಿ, ಮರ ಅಲ್ಲೇ ಇರಲಿ.

ಐದನೆಯ ಹೆಜ್ಜೆ: ಬೆಂಕಿ ಬಿದ್ದರೆ ಜನ ಹೊರಬರುವ ದಾರಿ

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸಿನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತುಂಬಿದ ಕಟ್ಟಡದಲ್ಲಿ ಉಸಿರುಗಟ್ಟಿ, ಹೊರಬರಲು ದಾರಿ ಕಾಣದೆ ಜನ ಗಾಜು ಒಡೆದು ಮೇಲಿಂದ ಜಿಗಿದರು. ಗಾಜಿನ ಮುಖ ಕೇಳಿ ಬರುವ ಪ್ರತಿಯೊಬ್ಬರಿಗೂ ನಾನು ಈ ಘಟನೆ ಹೇಳುತ್ತೇನೆ. ಗಾಜು ಹಾಕಿ, ಆದರೆ ಪ್ರತಿ ಅಂತಸ್ತಿನಲ್ಲೂ ಕೈಯಿಂದ ತೆರೆಯುವ ಕಿಟಕಿಗಳಿರಲಿ.

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಅಥವಾ ಅದಕ್ಕೂ ಎತ್ತರದ ಕಟ್ಟಡ ಬಹುಮಹಡಿ ಎನಿಸಿಕೊಳ್ಳುತ್ತದೆ. ಅಂಗಡಿ ಕಟ್ಟಡದ ಮೆಟ್ಟಿಲಿನ ಅಗಲ ಕನಿಷ್ಠ 1.5 ಮೀಟರ್. ಒಂದು ಅಂತಸ್ತು 500 ಚದರ ಮೀಟರ್ ಮೀರಿದರೆ ಎರಡು ಮೆಟ್ಟಿಲು ಬೇಕು, ಅವು ಒಂದರ ಪಕ್ಕ ಒಂದು ಇರಬಾರದು. ಹೊರದಾರಿಯ ಬಾಗಿಲು ಹೊರಕ್ಕೆ ತೆರೆಯಬೇಕು. ನಿಮ್ಮದು ಸಣ್ಣ ಕಟ್ಟಡ, ನಿಯಮ ಒಂದೇ ಮೆಟ್ಟಿಲು ಸಾಕೆನ್ನುತ್ತದೆ ಎಂದಿಟ್ಟುಕೊಳ್ಳಿ. ಆಗಲೂ ಆ ಮೆಟ್ಟಿಲಿನ ಕೆಳಗೆ ಮೀಟರ್ ಬೋರ್ಡು ಇಡಬೇಡಿ. ಬೆಂಕಿ ಹುಟ್ಟುವ ಜಾಗವೇ ಜನ ಓಡಿಬರುವ ದಾರಿಯಾಗಬಾರದು. ಮೀಟರುಗಳಿಗೆ ಹೊರಗೋಡೆಯ ಕಡೆ ಪ್ರತ್ಯೇಕ ಗೂಡು ಬರೆಯಿರಿ. ಪರಿಶೀಲಕರು ಇದನ್ನು ಕೇಳಲಿಕ್ಕಿಲ್ಲ. ನೀವು ಮಾಡಿ.

ಆರನೆಯ ಹೆಜ್ಜೆ: ಮಣ್ಣು, ಕಂಬ, ಕಬ್ಬಿಣ

ವಾಸ್ತುಶಿಲ್ಪಿ ಬರೆದ ನಕ್ಷೆಗೆ ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರರ ವಿನ್ಯಾಸ ಮತ್ತು ಸಹಿ ಬೇಕು. ಸಹಿಗಾಗಿ ಮಾತ್ರ ಅವರ ಹತ್ತಿರ ಹೋಗುವ ಚಾಳಿ ಬಿಡಬೇಕು. ಮಣ್ಣಿನ ಪರೀಕ್ಷೆ ಮಾಡಿಸಿ, ವರದಿಯನ್ನು ಅವರ ಕೈಗಿಡಿ. ಹುಬ್ಬಳ್ಳಿ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಧಾರವಾಡದ ಕೆಂಪು ಮಣ್ಣಿನ ಪಾಯವನ್ನು ಅಲ್ಲಿಗೆ ನಕಲು ಮಾಡಿದರೆ ಕಟ್ಟಡ ಒಪ್ಪುವುದಿಲ್ಲ.

ಸ್ಟಿಲ್ಟ್ ಅಂತಸ್ತಿನಲ್ಲಿ ಗೋಡೆಗಳಿರುವುದಿಲ್ಲ, ಬರೀ ಕಂಬ. ಭೂಕಂಪದ ಅಲುಗಾಟದಲ್ಲಿ ಮೊದಲು ಸೋಲುವುದು ಅದೇ ಅಂತಸ್ತು. ಅದಕ್ಕೆ ಬೇಕಾದ ಬಲವನ್ನು ವಿನ್ಯಾಸದಲ್ಲಿ ಸೇರಿಸಲು ಕೇಳಿ. ಮತ್ತೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ: ಎರಡು ಅಂತಸ್ತಿಗೆ ಪಾಸಾದ ಪಾಯದ ಮೇಲೆ ಮೂರನೆಯದು ಏರಿಸಬೇಡಿ, ಒಳಗಿನ ಕಂಬವನ್ನು ಅಂಗಡಿಗೆ ಅಡ್ಡ ಬರುತ್ತದೆಂದು ತೆಗೆಸಬೇಡಿ.

ಏಳನೆಯ ಹೆಜ್ಜೆ: ನಕ್ಷೆಯ ಕಟ್ಟು ಮತ್ತು ಅರ್ಜಿ

ಈಗ ಅರ್ಜಿ ಆನ್‌ಲೈನ್. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯ ಕ್ಯಾಡ್ ಕಡತವನ್ನು ತಂತ್ರಾಂಶವೇ ಮೊದಲು ಅಳೆಯುತ್ತದೆ. ಲೇಯರುಗಳ ಹೆಸರು ಅದು ಕೇಳಿದಂತೆಯೇ ಇರಬೇಕು, ಇಲ್ಲದಿದ್ದರೆ ಸರಿಯಾದ ಕಟ್ಟಡವೂ ತಿರಸ್ಕೃತ. ನಕ್ಷೆಯಲ್ಲಿ ಜಾಗ ಗುರುತಿಸುವ ಕೀ ಪ್ಲಾನ್, ಸೈಟ್ ಪ್ಲಾನ್, ಪ್ರತಿ ಅಂತಸ್ತು, ಕನಿಷ್ಠ ಒಂದು ಸೀಳುನೋಟ ಮೆಟ್ಟಿಲಿನ ಮೂಲಕ ಹಾಯುವಂತೆ, ಎಲಿವೇಶನ್, ಪಾರ್ಕಿಂಗ್ ವಿವರ, ಮಳೆನೀರು ಕೊಯ್ಲು ಇರಲಿ. ಹೊಸದಾಗಿ ಕಟ್ಟುವುದಕ್ಕೆ ಕೆಂಪು, ಕೆಡವುವುದಕ್ಕೆ ಹಳದಿ, ಇರುವ ರಸ್ತೆಗೆ ಹಸಿರು ಎಂಬುದು ಹಳೆಯ ರೂಢಿಯ ಬಣ್ಣ, ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಇದೆ. ಎಫ್ಎಆರ್, ತೆರವು, ಪಾರ್ಕಿಂಗ್‌ಗಳ ಲೆಕ್ಕವನ್ನು ಒಂದೇ ಕೋಷ್ಟಕದಲ್ಲಿ ಹಾಕಿ ಅದರ ಪಕ್ಕದಲ್ಲೇ ಆಯಾ ನಿಯಮದ ಸಂಖ್ಯೆ ಬರೆಯಿರಿ. ಪರಿಶೀಲಿಸುವವರಿಗೆ ಹುಡುಕುವ ಕೆಲಸ ತಪ್ಪುತ್ತದೆ, ನಿಮಗೆ ದಿನಗಳು ಉಳಿಯುತ್ತವೆ.

ಬೇರೆ ಇಲಾಖೆಗಳ ಒಪ್ಪಿಗೆ ಕಟ್ಟಡದ ಗಾತ್ರದ ಮೇಲೆ ನಿಂತಿದೆ. ಎತ್ತರವಾದರೆ ಅಗ್ನಿಶಾಮಕ ಇಲಾಖೆ. ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ. ವಿದ್ಯುತ್ ಹೊರೆ 100 ಕಿಲೋವ್ಯಾಟ್ ಮುಟ್ಟಿದರೆ ಇಂಧನ ಸಂರಕ್ಷಣಾ ಸಂಹಿತೆ. ಸಣ್ಣ ಕಾಂಪ್ಲೆಕ್ಸಿಗೆ ವಿದ್ಯುತ್ ಕಂಪನಿ ಹೆಸ್ಕಾಂ ಮತ್ತು ನೀರಿನ ಸಂಪರ್ಕದ ಪತ್ರ ಹೊರತು ಹೆಚ್ಚೇನೂ ಬೇಕಾಗುವುದಿಲ್ಲ. ಶುಲ್ಕಗಳ ಜೊತೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕಟ್ಟಬೇಕು.

ಅರ್ಜಿ ಸಲ್ಲಿಸಿದ ಕೂಡಲೇ ಸಕಾಲ (ಗಡುವಿನೊಳಗೆ ಸೇವೆ ಕೊಡುವ ಸರ್ಕಾರಿ ವ್ಯವಸ್ಥೆ) ಸಂಖ್ಯೆ ಪಡೆಯಿರಿ. ಸ್ಥಳ ಪರಿಶೀಲನೆಗೆ ಕಿರಿಯ ಎಂಜಿನಿಯರ್ ಬರುವ ದಿನ ನೀವೂ ಟೇಪು ಹಿಡಿದು ಅಲ್ಲಿರಿ, ಗಡಿಯ ನಾಲ್ಕು ಮೂಲೆಗೆ ಗೂಟ ಹೊಡೆದಿರಲಿ. ತಕರಾರು ಬಂದರೆ ಲಿಖಿತವಾಗಿ ಕೇಳಿ, ಎಲ್ಲಕ್ಕೂ ಒಂದೇ ಪತ್ರದಲ್ಲಿ ಸಂಖ್ಯೆ ಹಾಕಿ ಉತ್ತರಿಸಿ. ಇವತ್ತೊಂದು, ನಾಳೆಯೊಂದು ಉತ್ತರ ಕೊಟ್ಟರೆ ಫೈಲು ಪ್ರತಿ ಸಲ ಸಾಲಿನ ಹಿಂದಕ್ಕೆ ಹೋಗುತ್ತದೆ. ಯಾರಾದರೂ "ಅದನ್ನ ನಾ ನೋಡ್ಕೋತೀನಿ" ಎಂದರೆ ಏನನ್ನು ನೋಡಿಕೊಳ್ಳುತ್ತಾರೆಂದು ಕೇಳಿ. ಒಂದೂವರೆ ಮೀಟರ್ ತೆರವು ಇಲ್ಲದಿದ್ದರೆ ಯಾರು ನೋಡಿಕೊಂಡರೂ ಅದು ಇರುವುದಿಲ್ಲ.

ಎಂಟನೆಯ ಹೆಜ್ಜೆ: ಕಟ್ಟುವಾಗ

ಮಂಜೂರಾದ ನಕ್ಷೆಯ ಪ್ರತಿಯನ್ನು ಮಳೆ ತಾಗದಂತೆ ಸೈಟಿನಲ್ಲಿ ತೂಗುಹಾಕಿ. 2024ರ ಡಿಸೆಂಬರ್ 17ರಂದು ಮೀರತ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ ಇದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿದೆ. ಅಧಿಕಾರಿಗಳು ಕಾಲಕಾಲಕ್ಕೆ ಬಂದು ನೋಡಿ ದಾಖಲೆ ಇಡಬೇಕು, ಕಟ್ಟಡ ಬಳಸಲು ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರ (ಓಸಿ) ತೋರಿಸದೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು, ಅಕ್ರಮ ಕಟ್ಟಡದಲ್ಲಿ ವ್ಯಾಪಾರದ ಪರವಾನಗಿಯನ್ನೂ ಕೊಡಬಾರದು ಎಂದೂ ಅದರಲ್ಲಿದೆ.

ಪಾಯ ನೆಲಮಟ್ಟಕ್ಕೆ ಬಂದಾಗ ಕೆಲಸ ನಿಲ್ಲಿಸಿ ನಾಲ್ಕೂ ಬದಿಯ ತೆರವನ್ನು ಅಳೆಯಿರಿ, ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ತಪ್ಪಿದ್ದರೆ ಆ ಹಂತದಲ್ಲಿ ಒಂದು ಗೋಡೆ ಸರಿಸಿದರೆ ಸಾಕು. ಬದಲಾವಣೆ ಬೇಕೆನಿಸಿದರೆ ಮೊದಲು ಪರಿಷ್ಕೃತ ನಕ್ಷೆ, ಆಮೇಲೆ ಸೆಂಟ್ರಿಂಗ್.

"ಕಟ್ಟಿಬಿಡೋಣ, ಆಮೇಲೆ ಅಕ್ರಮ-ಸಕ್ರಮ ಬರುತ್ತಲ್ಲ" ಎಂದು ಈಗಲೂ ಹೇಳುವವರಿದ್ದಾರೆ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅದರಲ್ಲೂ ವಾಸೇತರ ಕಟ್ಟಡಕ್ಕೆ ಇದ್ದ ಉಲ್ಲಂಘನೆಯ ಮಿತಿ ಶೇ. 25 ಮಾತ್ರ. ಅದನ್ನು ನಂಬಿ ಸ್ಲ್ಯಾಬ್ ಹಾಕಬೇಡಿ.

ನೀವು ಪಕ್ಕದ ಮನೆಯವರಾಗಿದ್ದರೆ

ನಿಮ್ಮ ಬೀದಿಗೆ ಕಾಂಪ್ಲೆಕ್ಸ್ ಬರುತ್ತಿದ್ದರೆ ನಿಮಗೂ ದಾರಿಗಳಿವೆ. ಪತ್ರಿಕೆಯ 14-ಎ ಪ್ರಕಟಣೆ ನೋಡುತ್ತಿರಿ, ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸೈಟಿನಲ್ಲಿ ನಕ್ಷೆ ತೂಗುಹಾಕಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಪ್ರತಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ದೂರಿನಲ್ಲಿ "ನಮಗೆ ತೊಂದರೆ" ಎಂದು ಬರೆದರೆ ಅದು ಎಲ್ಲಿಗೂ ಹೋಗುವುದಿಲ್ಲ. "ಪೂರ್ವ ಬದಿಯಲ್ಲಿ ನಕ್ಷೆಯಂತೆ 1.5 ಮೀಟರ್, ಸ್ಥಳದಲ್ಲಿ 0.6 ಮೀಟರ್" ಎಂದು ಅಳತೆ ಮತ್ತು ಫೋಟೊ ಸಮೇತ ಬರೆದರೆ ಯಾರಾದರೂ ಬಂದು ಅಳೆಯಲೇಬೇಕಾಗುತ್ತದೆ. ಪಾಯದ ಹಂತದಲ್ಲೇ ಬರೆಯಿರಿ, ಮೂರನೆಯ ಸ್ಲ್ಯಾಬ್ ಬಿದ್ದ ಮೇಲೆ ಬರೆದರೆ ಇಬ್ಬರಿಗೂ ಕೋರ್ಟೇ ಗತಿ.

ಕೊನೆಯ ಹೆಜ್ಜೆ: ಓಸಿ

ಕೆಲಸ ಮುಗಿದ ಮೇಲೆ ವಾಸ್ತುಶಿಲ್ಪಿ ಮತ್ತು ಸ್ಟ್ರಕ್ಚರಲ್ ಎಂಜಿನಿಯರರ ಪೂರ್ಣಗೊಂಡ ವರದಿ, ಇದ್ದದ್ದನ್ನು ಇದ್ದಂತೆ ಬರೆದ ನಕ್ಷೆ, ಲಿಫ್ಟಿನ ಪರವಾನಗಿ, ಬೇಕಾದ ಕಡೆ ಅಗ್ನಿಶಾಮಕ ಇಲಾಖೆಯ ಅಂತಿಮ ಪತ್ರ ಇವನ್ನು ಜೋಡಿಸಿ ಸ್ವಾಧೀನಾನುಭವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಪರಿಶೀಲನೆಗೆ ಬಂದವರು ಮೊದಲು ಇಳಿಯುವುದು ಪಾರ್ಕಿಂಗಿಗೆ. ಅಲ್ಲಿ ಉಳಿದ ಟೈಲ್ಸಿನ ಪೆಟ್ಟಿಗೆ, ಸೆಂಟ್ರಿಂಗ್ ಹಲಗೆ ಏನೂ ಇರಬಾರದು. ಕಾರಿನ ಚೌಕಗಳಿಗೆ ಬಣ್ಣ ಹೊಡೆಸಿ ಸಂಖ್ಯೆ ಬರೆಸಿ.

ಬಾಡಿಗೆದಾರರು ಮುಂಗಡ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಶ್ರಾವಣಕ್ಕೆ ಅಂಗಡಿ ಪೂಜೆ ಮಾಡಬೇಕು, ದಸರೆಗೆ ವ್ಯಾಪಾರ ಶುರುವಾಗಬೇಕು ಎಂಬ ಅವಸರ ಅವರದು. ಕರಾರಿನಲ್ಲಿ ಸ್ವಾಧೀನದ ದಿನಾಂಕ ಬರೆಯುವ ಬದಲು "ಓಸಿ ಬಂದ 15 ದಿನದೊಳಗೆ" ಎಂದು ಬರೆಸಿ. ಅದು ಬರುವವರೆಗೆ ಒಂದು ಶಟರನ್ನೂ ಎತ್ತಬೇಡಿ. ಬಂದ ದಿನ ಓಸಿಯ ಪ್ರತಿ ಮತ್ತು ಪಾರ್ಕಿಂಗ್ ಅಂತಸ್ತಿನ ನಕ್ಷೆಯನ್ನು ಲ್ಯಾಮಿನೇಟ್ ಮಾಡಿಸಿ ಮೆಟ್ಟಿಲಿನ ಮೊದಲ ತಿರುವಿನ ಗೋಡೆಗೆ ಹಾಕಿಸಿ, ಕಾವಲುಗಾರನಿಗೆ ಅದನ್ನು ಓದಿ ತೋರಿಸಿ.